ಕಂಪ್ಯೂಟರ್ ತರಗತಿಯ ಖಾಸಗಿತನದ ಪಾಠ: ಪುಸ್ತಕ ಎಲ್ಲಿ ನಿಲ್ಲುತ್ತದೆ, ಮಾಹಿತಿ ಎಲ್ಲಿ ಸೋರುತ್ತದೆ

ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪುಸ್ತಕದಲ್ಲಿ ಒಟ್ಟು 11 ಅಧ್ಯಾಯಗಳಿವೆ. ಪೈಥಾನ್ ಎಲ್ಲ ಮುಗಿದ ಮೇಲೆ ಬರುವ ಕೊನೆಯದು ತಂತ್ರಜ್ಞಾನದ ಸಾಮಾಜಿಕ ಪರಿಣಾಮದ್ದು. ಕೊನೆಯ ಅಧ್ಯಾಯಗಳ ಹಣೆಬರಹ ಗೊತ್ತಿದ್ದದ್ದೇ: ಪರೀಕ್ಷೆ ಹತ್ತಿರ ಬಂದಾಗ ಒಂದೆರಡು ಪೀರಿಯಡ್‌ನಲ್ಲಿ ಓಡಿಸಿ ಮುಗಿಸುವುದು. ಡಿಜಿಟಲ್ ಹೆಜ್ಜೆಗುರುತು ಎಂದರೇನು, ಅದರಲ್ಲಿ ಸಕ್ರಿಯ ಯಾವುದು, ನಿಷ್ಕ್ರಿಯ ಯಾವುದು ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳು ತಪ್ಪಿಲ್ಲದೆ ಉತ್ತರ ಬರೆಯುತ್ತಾರೆ. ಹಾಗೆ ಬರೆದವರೇ ಲ್ಯಾಬಿನ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದಿಟ್ಟು, ಬೆಲ್ ಹೊಡೆದೊಡನೆ ಎದ್ದು ಹೋಗಿರುತ್ತಾರೆ.

ಪಾಠದಲ್ಲಿ ಬರೆದದ್ದು ಸುಳ್ಳೇನಲ್ಲ. ಆದರೆ ಅದು ಕಲ್ಪಿಸಿಕೊಳ್ಳುವ ಶತ್ರು ಎಲ್ಲೋ ದೂರದಲ್ಲಿ ಕುಳಿತ ಅಪರಿಚಿತ. 'ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಗುರುತಿಲ್ಲದವರ ಜೊತೆ ಚಾಟ್ ಮಾಡಬೇಡಿ' ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಕರ್ನಾಟಕದ ಹೈಸ್ಕೂಲು, ಪಿಯು ವಿದ್ಯಾರ್ಥಿಯ ಮಾಹಿತಿ ಸೋರುವುದು ಬಹುಪಾಲು ಪರಿಚಯದ ದಾರಿಗಳಲ್ಲೇ. ಲ್ಯಾಬಿನ ಯಂತ್ರ, ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುವ ಸೈಬರ್ ಸೆಂಟರ್, ಅಪ್ಪನ ಹೆಸರಿನಲ್ಲಿರುವ ಸಿಮ್, ಕೊನೆಗೆ ಶಾಲೆಯೇ. ಖಾಸಗಿತನದ ಪಾಠ ಇವುಗಳಿಂದ ಶುರುವಾಗಬೇಕು.

ಹಂಚಿಕೊಂಡ ಯಂತ್ರ

ಒಂದು ಕಂಪ್ಯೂಟರಿಗೆ ಇಬ್ಬರು ಮೂವರು ಕೂರುವ ಲ್ಯಾಬಿನಲ್ಲಿ ಮೊದಲು ಕಲಿಸಬೇಕಾದದ್ದು ಲಾಗ್ ಔಟ್. ಅಲ್ಲೂ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಜಿಮೇಲ್ ನೋಡಲು ಕ್ರೋಮ್‌ನಲ್ಲಿ ಲಾಗಿನ್ ಆದಾಗ ಬ್ರೌಸರು 'ಈ ಪ್ರೊಫೈಲ್‌ಗೂ ಸೇರಿಸಲೇ?' ಎಂದು ಕೇಳುತ್ತದೆ. ಓದದೆ ಹೌದು ಎಂದರೆ ಹುಡುಗನ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್‌ಗಳು ಆ ಯಂತ್ರದಲ್ಲೂ ಕಾಣಿಸಿಕೊಳ್ಳಬಹುದು. ಆಮೇಲೆ ಜಿಮೇಲ್ ಟ್ಯಾಬ್ ಮುಚ್ಚಿದರೆ ಸಾಲದು, ಪ್ರೊಫೈಲನ್ನೇ ತೆಗೆಯಬೇಕು. ಸುಲಭದ ದಾರಿಯೆಂದರೆ ಮೊದಲೇ ಗೆಸ್ಟ್ ಕಿಟಕಿ ತೆರೆಯುವುದು. ಬಲ ಮೂಲೆಯ ಪ್ರೊಫೈಲ್ ಚಿಹ್ನೆ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ತೆರೆದ ಗೆಸ್ಟ್ ಕಿಟಕಿಗಳನ್ನೆಲ್ಲ ಮುಚ್ಚಿದೊಡನೆ ಕುಕೀ (ನಿಮ್ಮನ್ನು ಗುರುತಿಸಲು ತಾಣ ಬ್ರೌಸರಿನಲ್ಲಿ ಇಡುವ ಸಣ್ಣ ಫೈಲ್), ಲಾಗಿನ್ ಎಲ್ಲ ಹೋಗುತ್ತವೆ.

ಇತಿಹಾಸ ಉಳಿಸದ ಇನ್‌ಕಾಗ್ನಿಟೋ ಕಿಟಕಿ ಕೂಡ ಇದನ್ನು ಮಾಡುತ್ತದೆ, ಅದೇ ಷರತ್ತಿನ ಮೇಲೆ. ಕ್ರೋಮ್‌ನಲ್ಲಿ ತೆರೆದಿರುವ ಎಲ್ಲ ಇನ್‌ಕಾಗ್ನಿಟೋ ಕಿಟಕಿಗಳಿಗೂ ಒಂದೇ ಸೆಷನ್. ಹಿಂದಿನ ಬ್ಯಾಚಿನವರು ಒಂದು ಕಿಟಕಿಯನ್ನು ಕೆಳಗಿನ ಪಟ್ಟಿಗೆ ಇಳಿಸಿ ಮರೆತಿದ್ದರೆ, ನೀವು ಹೊಸದಾಗಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ತೆರೆದ ಕಿಟಕಿಯಲ್ಲಿ ಅವರ ಖಾತೆ ತೆರೆದೇ ಇರುತ್ತದೆ. ನೀವು ನಿಮ್ಮ ಕಿಟಕಿ ಮುಚ್ಚಿ ಹೋದರೂ ನಿಮ್ಮ ಲಾಗಿನ್ ಹಾಗೆಯೇ ಉಳಿಯುತ್ತದೆ. ಕೊನೆಯ ಕಿಟಕಿ ಮುಚ್ಚುವವರೆಗೆ ಸೆಷನ್ ಮುಗಿಯುವುದಿಲ್ಲ. ಡೌನ್‌ಲೋಡ್ ಮಾಡಿದ ಫೈಲಂತೂ ಯಾವ ಕಿಟಕಿಯಿಂದ ಇಳಿಸಿದರೂ ಡಿಸ್ಕಿನಲ್ಲೇ ಕೂತಿರುತ್ತದೆ.

ಇನ್‌ಕಾಗ್ನಿಟೋ ಹಾಕಿದರೆ ಯಾರಿಗೂ ಕಾಣುವುದಿಲ್ಲ ಎಂಬ ನಂಬಿಕೆ ತರಗತಿಯಲ್ಲಿ ಗಟ್ಟಿಯಾಗಿರುತ್ತದೆ. ಅದು ಇತಿಹಾಸ ಉಳಿಸದಿರುವುದು ಆ ಯಂತ್ರದಲ್ಲಿ ಮಾತ್ರ. ಶಾಲೆಯ ರೂಟರಿಗೆ, ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಇದ್ದರೆ ಒಳಗಿನ ಪುಟ ಯಾವುದು, ಏನು ಟೈಪ್ ಮಾಡಿದಿರಿ ಎಂಬುದು ಕಾಣದು. ತಾಣದ ಹೆಸರು ಮಾತ್ರ ಮುಚ್ಚುವುದಿಲ್ಲ. ಇದೇ ನಂಬಿಕೆಯ ಸುತ್ತ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಯಿತು. 2024ರ ರಾಜಿಯಲ್ಲಿ ಕಂಪನಿ ಇನ್‌ಕಾಗ್ನಿಟೋ ಬಳಕೆದಾರರ ಕೋಟಿಗಟ್ಟಲೆ ದಾಖಲೆ ಅಳಿಸಲು ಒಪ್ಪಿತು, ಆ ಕಿಟಕಿಯಲ್ಲಿ ತೋರಿಸುವ ಎಚ್ಚರಿಕೆಯ ಮಾತನ್ನೂ ಬದಲಿಸಿತು. ಈಗ ಅಲ್ಲಿ ಬರೆದಿರುವುದನ್ನು ತರಗತಿಯಲ್ಲಿ ಜೋರಾಗಿ ಓದಿಸಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಲ್ಯಾಬಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ಮರೆತವರಿಗೆ ದಾರಿ ಫೋನಿನಲ್ಲೇ ಇದೆ: ಮೆನುವಿನ 'ಲಿಂಕ್ಡ್ ಡಿವೈಸಸ್'ಗೆ ಹೋಗಿ ಗುರುತಿಲ್ಲದ ಯಂತ್ರವನ್ನು ಒತ್ತಿ ಲಾಗ್ ಔಟ್ ಮಾಡುವುದು. ಗೂಗಲ್ ಖಾತೆಗೂ ಹೀಗೆಯೇ. ಸೆಕ್ಯುರಿಟಿ ವಿಭಾಗದ 'ಯುವರ್ ಡಿವೈಸಸ್' ಪಟ್ಟಿಯಿಂದ ದೂರದ ಯಂತ್ರವನ್ನು ಮನೆಯಿಂದಲೇ ಹೊರಗೆ ಹಾಕಬಹುದು.

ಪಾಸ್‌ವರ್ಡ್ ಲೆಕ್ಕ

ದೊಡ್ಡಕ್ಷರ ಒಂದು, ಅಂಕಿ ಒಂದು, ಚಿಹ್ನೆ ಒಂದು ಬೇಕೆಂದು ಕಲಿಸಿದಾಗ ಮಕ್ಕಳು ಮಾಡುವುದು ಒಂದೇ ಕೆಲಸ. ಹೆಸರಿನ ಮೊದಲಕ್ಷರ ದೊಡ್ಡದು, ಕೊನೆಗೆ ಒಂದು ಆ್ಯಟ್ ಚಿಹ್ನೆ, ಆಮೇಲೆ 123. ನಿಯಮ ಪಾಲಿಸಿದಂತೆಯೂ ಆಯಿತು, ಎಲ್ಲರದ್ದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆಯೂ ಆಯಿತು. ಪಾಸ್‌ವರ್ಡ್ ಒಡೆಯುವ ತಂತ್ರಾಂಶ ಮೊದಲು ನೋಡುವುದೇ ಈ ಅಚ್ಚನ್ನು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಈ ಬಗೆಯ ಬೆರಕೆ ನಿಯಮವನ್ನೂ ಆಗಾಗ ಕಡ್ಡಾಯವಾಗಿ ಬದಲಿಸುವ ಪದ್ಧತಿಯನ್ನೂ ಬಿಟ್ಟು, ಉದ್ದಕ್ಕೆ ಒತ್ತು ಕೊಡಲು ಹೇಳಿತು. ನಮ್ಮ ಎಷ್ಟೋ ತಾಣಗಳು ಇನ್ನೂ ಹಳೆಯದನ್ನೇ ಹಿಡಿದುಕೊಂಡಿವೆ.

ಉದ್ದ ಯಾಕೆ ಮುಖ್ಯ ಎಂಬುದನ್ನು ಗಣಿತದ ಪೀರಿಯಡ್‌ನಲ್ಲೇ ತೋರಿಸಬಹುದು. ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳ 8 ಸ್ಥಾನದ ಪಾಸ್‌ವರ್ಡ್ ಎಂದರೆ 26ರ 8ನೇ ಘಾತ, ಸುಮಾರು 20,882 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ಯಾವುದೋ ತಾಣದ ದತ್ತಾಂಶ ಸೋರಿ, ಆ ತಾಣ ಎಂಡಿ5ನಂಥ ಹಳೆಯ ವಿಧಾನದಲ್ಲಿ ಪಾಸ್‌ವರ್ಡ್ ಇಟ್ಟಿದ್ದರೆ, ಗೇಮ್ ಆಡುವವರು ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಕೆಲವೇ ಸೆಕೆಂಡುಗಳ ಕೆಲಸ. ಇನ್ನು ನಾಲ್ಕು ಅಕ್ಷರ ಸೇರಿಸಿದರೆ ಸಾಧ್ಯತೆ 4,56,976 ಪಟ್ಟು ಹೆಚ್ಚುತ್ತದೆ. ಲಾಗಿನ್ ಪುಟದಲ್ಲಿ ಕೂತು ಒಂದೊಂದಾಗಿ ಪ್ರಯತ್ನಿಸಿದರೆ ತಾಣವೇ ತಡೆಯುತ್ತದೆ, ನಿಜ. ಅಪಾಯವಿರುವುದು ಸೋರಿದ ಪಟ್ಟಿಯಲ್ಲಿ. ಒಂದು ಗೇಮಿನ ಖಾತೆಯ ಪಾಸ್‌ವರ್ಡ್ ಸೋರಿದರೆ ಅದನ್ನೇ ಜಿಮೇಲ್‌ಗೂ ಇನ್‌ಸ್ಟಾಗ್ರಾಂಗೂ ಹಾಕಿ ನೋಡುತ್ತಾರೆ. ಅದಕ್ಕೇ 'ಒಂದೊಂದು ಖಾತೆಗೆ ಒಂದೊಂದು' ಎಂಬುದು ದೊಡ್ಡಕ್ಷರ ಚಿಹ್ನೆಗಳಿಗಿಂತ ದೊಡ್ಡ ನಿಯಮ.

ನೆನಪಿರುವಂಥದ್ದು ಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬಹುದು. ಹಲಸು, ಗಡಿಯಾರ, ಕಂಬಳಿ, ಮಿಂಚು, ಈ ತರಹ. ಗಾದೆಯಾಗಲಿ ಹಾಡಿನ ಸಾಲಾಗಲಿ ಬೇಡ, ಅವು ಊಹೆಗೆ ಸಿಗುತ್ತವೆ. ಕಾಗುಣಿತವನ್ನು ಹೇಗೆ ಬರೆಯುತ್ತೀರಿ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. 'ಗಡಿಯಾರ'ಕ್ಕೆ ಒಂದು 'ಎ' ಹಾಕಿದಿರೋ ಎರಡೋ ಎಂಬುದು ಆರು ತಿಂಗಳ ಮೇಲೆ ನೆನಪಿರುವುದಿಲ್ಲ. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡುವ ಉತ್ಸಾಹ ಮಾತ್ರ ಬೇಡ. ಬೇರೆ ಯಂತ್ರದಲ್ಲಿ ಆ ಕೀಲಿಮಣೆ ಇರದಿದ್ದರೆ, ಅಥವಾ ಒತ್ತಕ್ಷರದ ಸಂಕೇತಗಳನ್ನು ಅದು ಬೇರೆ ಕ್ರಮದಲ್ಲಿ ಕಳಿಸಿದರೆ ನಿಮ್ಮ ಖಾತೆಗೆ ನೀವೇ ಹೊರಗಿನವರು.

ತರಗತಿಯಲ್ಲಿ ಮಾಡಿಸಲು ಒಳ್ಳೆಯ ಪ್ರಯೋಗವೊಂದಿದೆ. 'ಹ್ಯಾವ್ ಐ ಬೀನ್ ಪೌನ್ಡ್' ಎಂಬ ತಾಣದಲ್ಲಿ ಒಂದು ಪಾಸ್‌ವರ್ಡ್ ಹಿಂದೆ ಸೋರಿದೆಯೇ ಎಂದು ನೋಡಬಹುದು. ಪಾಸ್‌ವರ್ಡನ್ನು ಆ ತಾಣಕ್ಕೆ ಕೊಟ್ಟಂತಾಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾಳೆ. ಉತ್ತರ ಸ್ವಾರಸ್ಯದ್ದು: ಬ್ರೌಸರು ಪಾಸ್‌ವರ್ಡನ್ನು ಎಸ್‌ಎಚ್‌ಎ-1 ವಿಧಾನದಿಂದ 40 ಅಕ್ಷರಗಳ ಸಂಕೇತವಾಗಿ ಬದಲಿಸಿ, ಅದರ ಮೊದಲ ಐದು ಅಕ್ಷರ ಮಾತ್ರ ಕಳಿಸುತ್ತದೆ. ಆ ಐದರಿಂದ ಶುರುವಾಗುವ ನೂರಾರು ಸಂಕೇತಗಳ ಪಟ್ಟಿ ವಾಪಸ್ ಬರುತ್ತದೆ. ಹೋಲಿಕೆ ನಡೆಯುವುದು ನಿಮ್ಮ ಯಂತ್ರದಲ್ಲೇ. ಪೂರ್ತಿ ಹೇಳದೆಯೂ ಉತ್ತರ ಪಡೆಯಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಪ್ರಯೋಗಕ್ಕೆ ಬಳಕೆಯಲ್ಲಿಲ್ಲದ ಪಾಸ್‌ವರ್ಡೇ ಇರಲಿ.

ಎರಡು ಹಂತದ ಲಾಗಿನ್ ಹಾಕಿಸುವಾಗ ನಮ್ಮ ಮನೆಗಳಲ್ಲಿ ಬರುವ ತೊಡಕು ಬೇರೆ. ಒಟಿಪಿ ಹೋಗುವುದು ಅಪ್ಪನ ಅಥವಾ ಅಣ್ಣನ ನಂಬರಿಗೆ. ರೀಚಾರ್ಜ್ ಮಾಡದೆ ಆ ಪ್ರೀಪೇಯ್ಡ್ ಸಿಮ್ ಬಂದ್ ಆದರೆ 90 ದಿನ ಕಳೆದ ಮೇಲೆ ಅದೇ ನಂಬರು ಬೇರೆಯವರಿಗೆ ಹೋಗಬಹುದು. ಖಾತೆಯ ರಿಕವರಿ ಕೋಡ್ ಆಗ ಅವರ ಫೋನಿಗೆ ಹೋಗುತ್ತದೆ. ನಂಬರು ಬದಲಾದ ದಿನವೇ ಖಾತೆಗಳಲ್ಲೂ ಬದಲಿಸಬೇಕು. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಟ್ಟರೆ ಇನ್ನೂ ಒಳ್ಳೆಯದು.

ಆಧಾರ್ ಮತ್ತು ಸೈಬರ್ ಸೆಂಟರ್

ಪುಸ್ತಕದ ಪಾಠ ಮುಟ್ಟದ, ಆದರೆ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಹಲವು ಸಲ ಹಾಯುವ ಜಾಗ ಇದು. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಇರಲಿ, ಸಿಇಟಿ ಇರಲಿ, ಜಾತಿ ಆದಾಯ ಪ್ರಮಾಣಪತ್ರ ಇರಲಿ, ಅರ್ಜಿ ತುಂಬುವುದು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ. 'ಆಧಾರ್ ವಾಟ್ಸ್‌ಆ್ಯಪ್ ಮಾಡಿ' ಎನ್ನುತ್ತಾರೆ, ಮಾಡುತ್ತೇವೆ. ಆ ಪಿಡಿಎಫ್ ಅಂಗಡಿಯವರ ಫೋನಿನಲ್ಲಿ ಒಂದು ಪ್ರತಿ, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು ಪ್ರತಿಯಾಗಿ ಉಳಿಯುತ್ತದೆ. ಅಂಗಡಿಯವರು ಕೆಟ್ಟವರೆಂದಲ್ಲ. ದಿನಕ್ಕೆ ಅಷ್ಟು ಜನರ ಫೈಲು ಬರುವ ಯಂತ್ರವನ್ನು ಅಳಿಸುತ್ತ ಕೂರಲು ಅವರಿಗೆ ಪುರುಸೊತ್ತಿಲ್ಲ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂಬ ಸಮಾಧಾನ ಬೇಡ. ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ನಂತರ ಹುಟ್ಟಿದ ವರ್ಷ. ಇಷ್ಟೇ ಸೂತ್ರ, ಎಲ್ಲರಿಗೂ ಒಂದೇ. ಹತ್ತನೇ ತರಗತಿಯವರ ಹುಟ್ಟಿದ ವರ್ಷ ಎರಡೋ ಮೂರೋ ಊಹೆಗಳಲ್ಲಿ ಸಿಗುತ್ತದೆ, ಹೆಸರು ಫೈಲ್ ಕಳಿಸಿದವರ ವಾಟ್ಸ್‌ಆ್ಯಪ್‌ನಲ್ಲೇ ಇರುತ್ತದೆ. ಪಿಡಿಎಫ್‌ಗೆ ಲಾಗಿನ್ ಪುಟದ ಹಾಗೆ 'ಮೂರು ಸಲ ತಪ್ಪಾದರೆ ಬಂದ್' ಎಂಬ ತಡೆಯೂ ಇಲ್ಲ. ಅಂದಮೇಲೆ ಪಾಸ್‌ವರ್ಡಿನ ಮೇಲೆ ಭರವಸೆ ಇಡುವ ಬದಲು ಒಳಗಿರುವುದನ್ನೇ ಕಡಿಮೆ ಮಾಡುವುದು ಜಾಣತನ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ತಾಣದಲ್ಲಿ ಇ-ಆಧಾರ್ ಇಳಿಸುವಾಗ ಮಾಸ್ಕ್ಡ್ ಆಧಾರ್ ಎಂಬ ಚೌಕಕ್ಕೆ ಟಿಕ್ ಹಾಕಿದರೆ 12 ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಬರುತ್ತದೆ. ದೃಢೀಕರಣಕ್ಕೆ ನಂಬರ್ ಬೇಕೇ ಬೇಕೆಂದರೆ ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ 16 ಅಂಕಿಯ ವಿಐಡಿ (ವರ್ಚುವಲ್ ಐಡಿ) ಇದೆ. ಬೇಡವೆನಿಸಿದಾಗ ಹೊಸದನ್ನು ಪಡೆದರೆ ಹಳೆಯದು ಸತ್ತುಹೋಗುತ್ತದೆ. ಎಲ್ಲ ಅರ್ಜಿಗಳೂ ಇವನ್ನು ಒಪ್ಪುವುದಿಲ್ಲ, ಒಪ್ಪುವ ಕಡೆ ಯಾಕೆ ಬಿಡಬೇಕು?

ಈ ವಿಷಯದಲ್ಲಿ ಸರ್ಕಾರಕ್ಕೇ ಸ್ಪಷ್ಟತೆ ಇರಲಿಲ್ಲ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡರೆ ಪ್ರತಿಯನ್ನು ಪೂರ್ತಿ ಅಳಿಸಿ ಎಂದಿತು. ಎರಡೇ ದಿನದಲ್ಲಿ, ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆಯೆಂದು ಹೇಳಿ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದ ಸಲಹೆಯಲ್ಲಿ ತಪ್ಪು ಯಾವುದೆಂದು ಇವತ್ತಿಗೂ ಕಾಣುವುದಿಲ್ಲ.

ಬೆರಳಚ್ಚು ಇನ್ನೊಂದು ಕಥೆ. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚಿನಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ದೂರುಗಳು ರಾಜ್ಯದಲ್ಲಿ ದಾಖಲಾದವು. ವಿದ್ಯಾರ್ಥಿಯ ಸ್ಕಾಲರ್‌ಶಿಪ್ ಕೂಡ ಆಧಾರ್ ಜೋಡಿಸಿದ ಖಾತೆಗೇ ಬೀಳುವುದರಿಂದ ಬೆರಳಚ್ಚಿನಿಂದ ಆಧಾರ್ ದೃಢೀಕರಣ ಆಗದಂತೆ ತಡೆಯುವ ಬಯೋಮೆಟ್ರಿಕ್ ಲಾಕ್ ಹಾಕುವುದು ಒಳ್ಳೆಯದು. ಯುಐಡಿಎಐನ ಆ್ಯಪ್‌ನಲ್ಲೋ ತಾಣದಲ್ಲೋ ಹಾಕಬಹುದು. ಮನೆಯವರಿಗೆ ಹೇಳದೆ ಹಾಕಿದರೆ ಮಾತ್ರ ಪಜೀತಿ: ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದಾಗ 330 ಎಂಬ ದೋಷ ಸಂಖ್ಯೆ ಬಂದು ರೇಷನ್ ನಿಲ್ಲುತ್ತದೆ, ಯಂತ್ರ ಕೆಟ್ಟಿದೆಯೆಂದು ವಾಪಸ್ ಕಳಿಸುತ್ತಾರೆ. ಬಯೋಮೆಟ್ರಿಕ್ ಲಾಕ್ ಆಗಿದೆ ಎಂಬುದೇ ಆ ಸಂಖ್ಯೆಯ ಅರ್ಥ. ತಾತ್ಕಾಲಿಕವಾಗಿ ತೆರೆದು ಮತ್ತೆ ಒತ್ತಿದರೆ ಆಯಿತು.

ಕಾಣದ ಗುರುತುಗಳು

ಫೋಟೋ ಒಂದರ ಒಳಗೆ ಕ್ಯಾಮೆರಾ ಮಾದರಿ, ತೆಗೆದ ಹೊತ್ತು, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶವೂ ಇರುತ್ತದೆ. ನಾಲ್ಕು ದಶಮಾಂಶ ಸ್ಥಾನ ಇದ್ದರೆ ಸುಮಾರು 11 ಮೀಟರ್ ನಿಖರತೆ, ಅಂದರೆ ಬೀದಿಯಲ್ಲ, ಮನೆಯೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಇದು ಅಳಿಸಿಹೋಗುತ್ತದೆ. ಸ್ಪಷ್ಟವಾಗಿ ಹೋಗಲಿ ಎಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಎಲ್ಲವೂ ಹಾಗೆಯೇ ಹೋಗುತ್ತದೆ. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ತೆಗೆದರೆ ಮೂಲದಲ್ಲೇ ನಿಂತಿತು. ಹವಾಮಾನದಂಥ ಆ್ಯಪ್‌ಗಳಿಗೆ ಲೊಕೇಶನ್ ಬೇಕಾದರೂ ಆಂಡ್ರಾಯ್ಡ್ 12ರಿಂದ ಈಚೆಗೆ 'ಅಂದಾಜು' ಎಂಬ ಆಯ್ಕೆ ಇದೆ, ಸುಮಾರು 3 ಚದರ ಕಿಲೋಮೀಟರ್ ಮಟ್ಟದ್ದು. ಮಳೆ ಬರುತ್ತದೋ ಇಲ್ಲವೋ ಹೇಳಲು ಅಷ್ಟು ಸಾಕು.

ಕುಕೀ ಅಳಿಸಿದರೆ ಹಿಂಬಾಲಿಸುವುದು ನಿಲ್ಲುತ್ತದೆ ಎಂಬುದೂ ಅರ್ಧ ಸತ್ಯ. ಪರದೆಯ ಅಳತೆ, ಫಾಂಟುಗಳು, ಸಮಯವಲಯ, ಬ್ರೌಸರ್ ಆವೃತ್ತಿ ಇವೆಲ್ಲ ಸೇರಿದರೆ ಯಂತ್ರಕ್ಕೆ ಒಂದು ಬೆರಳಚ್ಚಿನಂತಾಗುತ್ತದೆ. ಅಮೆರಿಕದ ಇಎಫ್‌ಎಫ್ ಸಂಸ್ಥೆ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿದಾಗ 83.6 ಶೇಕಡ ಒಂದಕ್ಕೊಂದು ಹೋಲದಂತಿದ್ದವು. ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಇಟ್ಟರೆ ಪ್ರತಿ ವಿನಂತಿಯ ಜೊತೆಗೂ ಆ ಸಂಗತಿ ಹೋಗುತ್ತದೆ. ಇಂಗ್ಲಿಷ್ ಇಟ್ಟುಕೊಂಡ ಕೋಟ್ಯಂತರ ಜನರ ನಡುವೆ ಕನ್ನಡದವರು ಸುಲಭಕ್ಕೆ ಎದ್ದು ಕಾಣುತ್ತಾರೆ. ಹಾಗೆಂದು ಕನ್ನಡ ಬಿಡಬೇಕಿಲ್ಲ. ಭಾಷೆ ಉಳಿಸಿಕೊಂಡೇ ಗುಂಪಿನಲ್ಲಿ ಒಬ್ಬರಾಗುವ ವ್ಯವಸ್ಥೆ ಬ್ರೌಸರ್ ಮಾಡುವವರ ಹೊಣೆ, ನಮ್ಮದಲ್ಲ.

ಕಾನೂನು ಏನು ಹೇಳುತ್ತದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ರಾಜ್ಯದ ಕಂಪ್ಯೂಟರ್ ತರಗತಿಯಲ್ಲಿ ಈ ಹೆಸರು ಬಾರದಿದ್ದರೆ ಅದು ಕೊರತೆಯೇ.

ಅದರ ಹಿಂದೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸುವುದು, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳಿಗೆ ಸಂಬಂಧಿಸಿದ ಈ ಹೊಣೆ ಮೀರಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. 13 ವರ್ಷಕ್ಕೆ ಜಿಮೇಲ್, ಇನ್‌ಸ್ಟಾಗ್ರಾಂ ಖಾತೆ ತೆರೆಯಬಹುದು ಎಂಬ ರೂಢಿ ಬಂದದ್ದು ಅಮೆರಿಕದ 1998ರ ಕಾನೂನಿನಿಂದ. ನಮ್ಮ ಕಾಯ್ದೆ ಅದಕ್ಕೆ ಐದು ವರ್ಷ ಸೇರಿಸಿದೆ.

ಕಾಗದದ ಮೇಲೆ ಇದು ಬಲವಾಗಿದೆ. ನಡೆಯುವುದು ಬೇರೆ. ಎಷ್ಟೋ ಮನೆಗಳಲ್ಲಿ ಅಮ್ಮನ ಫೋನಿಗೆ ಬಂದ ಒಟಿಪಿ ಓದಿ ಹೇಳುವುದೇ ಮಗಳು. ಒಪ್ಪಿಗೆ ಕೊಡಬೇಕಾದವರ ಪರವಾಗಿ ಒಪ್ಪಿಗೆ ಬೇಕಾದವರೇ ಗುಂಡಿ ಒತ್ತುತ್ತಾರೆ. ಇದನ್ನು ತಡೆಯಲು ಪೋಷಕರ ವಯಸ್ಸು, ಗುರುತು ದೃಢಪಡಿಸಿಕೊಳ್ಳಬೇಕು; ಅದಕ್ಕೆ ಇನ್ನಷ್ಟು ದಾಖಲೆ ಕೇಳಬೇಕು. ಮಗುವಿನ ಮಾಹಿತಿ ಉಳಿಸಲು ಇಡೀ ಮನೆಯ ಮಾಹಿತಿ ಕೊಡುವ ಪರಿಸ್ಥಿತಿ. ಡಿಜಿಲಾಕರ್ ಮೂಲಕ ಟೋಕನ್ ಕೊಡುವ ದಾರಿಯೊಂದು ನಿಯಮದಲ್ಲಿದೆ, ಅದು ಸರಿಯಾಗಿ ನಡೆದರೆ ಹೊರೆ ಸ್ವಲ್ಪ ಇಳಿಯಬಹುದು.

ಇನ್ನೊಂದು ವಿನಾಯಿತಿಯನ್ನು ಗಮನಿಸಬೇಕು. ಶೈಕ್ಷಣಿಕ ಚಟುವಟಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ಶಾಲೆಗಳಿಗೆ ಈ ನಿರ್ಬಂಧಗಳಿಂದ ರಿಯಾಯಿತಿ ಇದೆ. ರಿಯಾಯಿತಿ ಅಗತ್ಯವೇ. ಆದರೆ ಮಗುವಿನ ಬಗ್ಗೆ ಅತಿ ಹೆಚ್ಚು ಮಾಹಿತಿ ಕೂಡಿಟ್ಟಿರುವುದೂ ಶಾಲೆಯೇ: ರಾಜ್ಯದ ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್ ಸಂಖ್ಯೆ, ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ದಾಖಲೆ, ಈಗ ಓದಿನ ದಾಖಲೆಗಳನ್ನೆಲ್ಲ ಒಂದೆಡೆ ಜೋಡಿಸುವ 12 ಅಂಕಿಯ ಅಪಾರ್ ಐಡಿ. ಅಪಾರ್‌ಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಕೊಟ್ಟದ್ದನ್ನು ಹಿಂಪಡೆಯಲೂಬಹುದು. ಡೈರಿಯೊಳಗೆ ಸಿಕ್ಕಿಸಿ 'ನಾಳೆ ಸಹಿ ಮಾಡಿಸಿಕೊಂಡು ಬಾ' ಎಂದು ಕಳಿಸುವ ಫಾರಂನಲ್ಲಿ ಇದು ಎಷ್ಟು ಜನರಿಗೆ ತಿಳಿಯುತ್ತದೆ?

ಸರ್ಕಾರಿ ವ್ಯವಸ್ಥೆಯೂ ಸೋರುತ್ತದೆ. ಶಿಕ್ಷಣ ಸಚಿವಾಲಯದ ದೀಕ್ಷಾ ಆ್ಯಪ್‌ನ ದತ್ತಾಂಶ ರಕ್ಷಣೆಯಿಲ್ಲದ ಕ್ಲೌಡ್ ಸರ್ವರಿನಲ್ಲಿ ತೆರೆದುಬಿದ್ದಿತ್ತೆಂದು 2023ರ ಜನವರಿಯಲ್ಲಿ ಬಯಲಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್, ಇಮೇಲ್ ಅದರಲ್ಲಿದ್ದವು. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರವೂ ಇತ್ತು, ಅರೆಬರೆ ಮರೆಮಾಡಿದ ರೂಪದಲ್ಲಿ. ಇಲ್ಲಿ ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ಬೀಗವೇ ಹಾಕಿರಲಿಲ್ಲ.

ಶಾಲೆ ಮಟ್ಟದಲ್ಲಿ ತಿದ್ದುವುದು ಇಷ್ಟು ಕಷ್ಟವಲ್ಲ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲ ಪೋಷಕರ ನಂಬರು ಎಲ್ಲರಿಗೂ ಕಾಣುತ್ತದೆ. ಅದರ ಬದಲು ಕಮ್ಯುನಿಟಿ ಮಾಡಿ ಪ್ರಕಟಣೆ ಗ್ರೂಪ್ ಬಳಸಿದರೆ ಸದಸ್ಯರ ನಂಬರು ಇತರ ಸದಸ್ಯರಿಗೆ ಕಾಣದು. ಅಂಕಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಗ್ರೂಪಿಗೆ ಹಾಕುವ ಅಭ್ಯಾಸ ನಿಲ್ಲಿಸಿದರೆ ಸಾಕು. ಕಾಲಂ ಅಡಗಿಸಿ ಕಳಿಸಿದರೂ 'ಅನ್‌ಹೈಡ್' ಒತ್ತಿದರೆ ಎಲ್ಲ ಹೊರಗೆ ಬರುತ್ತದೆ. ರ‍್ಯಾಂಕ್ ಬಂದವರ ಫ್ಲೆಕ್ಸ್ ಹಾಕುವುದಿದ್ದರೆ ಆ ಹುಡುಗಿಯನ್ನೂ ಅವಳ ಮನೆಯವರನ್ನೂ ಒಮ್ಮೆ ಕೇಳುವುದಕ್ಕೆ ಯಾವ ತಂತ್ರಾಂಶವೂ ಬೇಡ.

ಕೈಮೀರಿದಾಗ

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಗಂಟೆಗಳಲ್ಲೇ. ಮಕ್ಕಳ ಅಥವಾ ಹೆಣ್ಣುಮಕ್ಕಳ ಚಿತ್ರದ ದುರ್ಬಳಕೆಯಾಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೂ ಹರಡಿದರೂ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಂಥ ದೂರು ಬಂದರೆ ಜಾಲತಾಣ ಚಿತ್ರ ತೆಗೆಯಲು 2 ಗಂಟೆ ಮೀರುವಂತಿಲ್ಲ; 2026ರ ಫೆಬ್ರವರಿಯವರೆಗೆ ಈ ಗಡುವು 24 ಗಂಟೆಯಿತ್ತು.

18 ತುಂಬದವರ ಚಿತ್ರವಾದರೆ 'ಟೇಕ್ ಇಟ್ ಡೌನ್' ಎಂಬ ಸೇವೆಯಿದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ 2023ರಲ್ಲಿ ಶುರುಮಾಡಿದ್ದು, ಇಲ್ಲಿಂದಲೂ ಬಳಸಬಹುದು. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಸಂಕೇತ ಮಾತ್ರ ಹೋಗುತ್ತದೆ, ಸೇರಿಕೊಂಡ ಜಾಲತಾಣಗಳು ಅದೇ ಸಂಕೇತದ ಚಿತ್ರ ಸಿಕ್ಕರೆ ತಡೆಯುತ್ತವೆ. ಕತ್ತರಿಸಿದ ಅಥವಾ ತಿದ್ದಿದ ಪ್ರತಿ ತಪ್ಪಿಸಿಕೊಳ್ಳಬಹುದು. ಸಿಕ್ಕ ಪ್ರತಿ ಆವೃತ್ತಿಗೂ ಬೇರೆಯಾಗಿ ಸಂಕೇತ ಕೊಡಬೇಕು.

ದೂರಿಗೆ ಬೇಕಾದ ಪುರಾವೆ ಎಂದರೆ ಖಾತೆಯ ಹೆಸರು, ಲಿಂಕ್, ದಿನಾಂಕ ಮತ್ತು ಹೊತ್ತು, ಬೆದರಿಕೆ ಸಂದೇಶದ ಸ್ಕ್ರೀನ್‌ಶಾಟ್. ಸಿಟ್ಟಿನಲ್ಲಿ ಚಾಟ್ ಅಳಿಸಿ ಬ್ಲಾಕ್ ಮಾಡಿದರೆ ಇವೆಲ್ಲ ಹೋಗುತ್ತವೆ, ಆದ್ದರಿಂದ ಮೊದಲು ಉಳಿಸಿಕೊಂಡು ಆಮೇಲೆ ಬ್ಲಾಕ್. ಆ ಚಿತ್ರವನ್ನೇ 'ಸಾಕ್ಷಿಗೆ ಇರಲಿ' ಎಂದು ಸ್ನೇಹಿತರಿಗಾಗಲಿ ಶಿಕ್ಷಕರಿಗಾಗಲಿ ಫಾರ್ವರ್ಡ್ ಮಾಡುವಂತಿಲ್ಲ. ಅಪ್ರಾಪ್ತರ ಲೈಂಗಿಕ ಚಿತ್ರ ಕಳಿಸುವುದು ಐಟಿ ಕಾಯ್ದೆಯ 67ಬಿ ಅಡಿಯಲ್ಲಿ ಬೇರೆಯದೇ ಅಪರಾಧ, ಕಳಿಸಿದವರ ಉದ್ದೇಶ ಸಹಾಯ ಮಾಡುವುದೇ ಆಗಿದ್ದರೂ ತೊಂದರೆಗೆ ಸಿಲುಕಬಹುದು. ಫೋನನ್ನೇ ಠಾಣೆಗೆ ಒಯ್ದು ತೋರಿಸಬೇಕು.